ಕ್ಲಿಪ್ಪು ತೆಗೆದ ಮೇಲೆ

ನಮ್ಮ ಕಡೆ ಯಾರೂ ‘ಆರ್ಥೊಡಾಂಟಿಕ್ ಚಿಕಿತ್ಸೆ’ ಅನ್ನುವುದಿಲ್ಲ. ಹಲ್ಲಿಗೆ ಕ್ಲಿಪ್ ಹಾಕಿಸುತ್ತಾರೆ, ಅಷ್ಟೇ. ‘ವಕ್ರದಂತ ಚಿಕಿತ್ಸಾ ವಿಭಾಗ’ ಎಂದು ದಂತ ಕಾಲೇಜಿನ ಬೋರ್ಡು ಹೇಳುತ್ತಿರುತ್ತದೆ. ಅದರ ಕೆಳಗೇ ನಿಂತು ತಾಯಂದಿರು ‘ಕ್ಲಿಪ್ ಹಾಕೋದು ಇಲ್ಲೇನಾ?’ ಎಂದು ಕೇಳುತ್ತಿರುತ್ತಾರೆ. ಮಾತು ಸಲೀಸಾಗಿದೆ, ಆದರೆ ಅದರೊಳಗೊಂದು ತಪ್ಪು ಲೆಕ್ಕ ಕೂತಿದೆ. ಕ್ಲಿಪ್ಪು ಎಂದರೆ ಹಾಕುವುದು, ತೆಗೆಯುವುದು. ಕೂದಲಿಗಾಗಲಿ ಒಣಹಾಕಿದ ಬಟ್ಟೆಗಾಗಲಿ, ತೆಗೆದ ಕೂಡಲೇ ಅದರ ಕೆಲಸ ಮುಗಿಯಿತು. ಮಗಳಿಗೆ ಹದಿಮೂರನೇ ವಯಸ್ಸಿನಲ್ಲಿ ಹಾಕಿಸುವಾಗ ನಾನೂ ಹಾಗೇ ಎಣಿಸಿದ್ದೆ. ಈಗ ಅವಳಿಗೆ ಹತ್ತೊಂಬತ್ತು. ಕ್ಲಿಪ್ ತೆಗೆದು ನಾಲ್ಕು ವರ್ಷವಾಯಿತು, ಚಿಕಿತ್ಸೆ ಇನ್ನೂ ನಡೆದಿದೆ.

ಹಲ್ಲು ಸೊಟ್ಟಗೆ ಬರುವುದಕ್ಕೆ ಮನೆಗೊಂದು ಕಾರಣ ಹೇಳುತ್ತಾರೆ. ಹಾಲುಹಲ್ಲು ಬಿದ್ದ ಜಾಗವನ್ನು ನಾಲಿಗೆಯಲ್ಲಿ ಮುಟ್ಟಿ ಮುಟ್ಟಿ ಹೀಗಾಯಿತು. ಬೆರಳು ಚೀಪಿ ಹೀಗಾಯಿತು. ಅದು ಅಪ್ಪನ ಮನೆ ಕಡೆಯ ಹಲ್ಲು. (ಈ ಕೊನೆಯದನ್ನು ಅಮ್ಮನ ಮನೆಯವರು ಹೇಳುತ್ತಾರೆ.) ನಾಲಿಗೆಯದು ಬರೀ ಕಥೆ, ಉಳಿದೆರಡರಲ್ಲಿ ಹುರುಳಿದೆ. ದವಡೆಯ ಅಳತೆಯೂ ಹಲ್ಲಿನ ಗಾತ್ರವೂ ಬಹುಮಟ್ಟಿಗೆ ಹೆತ್ತವರಿಂದ ಬಂದದ್ದು. ಶಾಶ್ವತ ಹಲ್ಲು ಮೂಡುವ ಹೊತ್ತಿಗೂ ಬೆರಳು ಬಿಡದ ಮಗುವಿನ ಮೇಲಿನ ಬಾಚಿಹಲ್ಲುಗಳು ಮುಂದಕ್ಕೆ ಬಾಗುತ್ತವೆ. ನಾವು ಲೆಕ್ಕಕ್ಕೇ ತೆಗೆದುಕೊಳ್ಳದ ಕಾರಣ ಇನ್ನೊಂದಿದೆ. ಹುಳುಕಾದ ಹಾಲುಹಲ್ಲನ್ನು ‘ಹೇಗೂ ಬೀಳೋ ಹಲ್ಲು’ ಎಂದು ಬೇಗ ಕೀಳಿಸಿಬಿಡುತ್ತೇವೆ. ಆ ಹಲ್ಲು ಕೆಳಗಿನಿಂದ ಬರಲಿರುವ ಶಾಶ್ವತ ಹಲ್ಲಿಗೆ ಜಾಗ ಹಿಡಿದು ಕೂತಿರುತ್ತದೆ, ಬಸ್ಸಿನ ಸೀಟಿಗೆ ಹಾಕಿದ ಟವೆಲ್ಲಿನ ಹಾಗೆ. ಟವೆಲ್ ಎತ್ತಿದರೆ ಹಿಂದಿನ ದವಡೆಹಲ್ಲು ಸರಿದು ಬಂದು ಕೂರುತ್ತದೆ. ಆಮೇಲೆ ಬರುವ ಹಲ್ಲಿಗೆ ನಿಂತುಕೊಳ್ಳುವುದೇ ಗತಿ.

ಇದರ ಹಿಂದೆ ಸಾವಿರಾರು ವರ್ಷಗಳ ಒಂದು ಕಥೆಯೂ ಉಂಟು. ಬೇಟೆಯಾಡಿ, ಗೆಡ್ಡೆಗೆಣಸು ಅಗಿದು ಬದುಕಿದವರ ತಲೆಬುರುಡೆಗಳಲ್ಲಿ ಇಷ್ಟೊಂದು ಇಕ್ಕಟ್ಟು ಕಾಣುವುದಿಲ್ಲ. ಬೇಯಿಸಿ, ಅರೆದು, ಮೆತ್ತಗೆ ಮಾಡಿ ತಿನ್ನತೊಡಗಿದ ಮೇಲೆ ದವಡೆ ಕಿರಿದಾಯಿತು, ಹಲ್ಲಿನ ಸಂಖ್ಯೆ ಮಾತ್ರ ಮೂವತ್ತೆರಡೇ ಉಳಿಯಿತು. ಆಸ್ಟ್ರೇಲಿಯಾದ ದಂತವೈದ್ಯ ರೇಮಂಡ್ ಬೆಗ್ ಅಲ್ಲಿನ ಮೂಲನಿವಾಸಿಗಳ ಹಲ್ಲುಗಳನ್ನು ಗಮನಿಸಿ, ಒರಟು ಆಹಾರದಿಂದ ಅವು ಅಕ್ಕಪಕ್ಕದಲ್ಲೂ ಸವೆದು ತಮಗೆ ತಾವೇ ಜಾಗ ಮಾಡಿಕೊಳ್ಳುತ್ತಿದ್ದವು ಎಂದು ವಾದಿಸಿದ. ಇಡ್ಲಿ, ಮೊಸರನ್ನ ತಿನ್ನುವ ಬಾಯಿಗೆ ಆ ಭಾಗ್ಯವಿಲ್ಲ. ಇಪ್ಪತ್ತರ ಹೊತ್ತಿಗೆ ಕೆಳಗಿನ ಹಲ್ಲು ಇಕ್ಕಟ್ಟಾದರೆ ಎಲ್ಲರೂ ಬುದ್ಧಿಹಲ್ಲನ್ನು ಬೈಯುತ್ತಾರೆ; ಬುದ್ಧಿಹಲ್ಲು ಇಲ್ಲದವರಿಗೂ ಇಕ್ಕಟ್ಟಾಗುತ್ತದೆ ಎಂಬುದನ್ನು ಸಂಶೋಧನೆಗಳು ಬಹಳ ಹಿಂದೆಯೇ ತೋರಿಸಿವೆ.

ಹಲ್ಲನ್ನು ಸರಿಸುವುದಾದರೂ ಹೇಗೆ? ಹಲ್ಲು ಮೂಳೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿಲ್ಲ. ಬೇರಿಗೂ ಮೂಳೆಗೂ ನಡುವೆ ಕಾಲು ಮಿಲಿಮೀಟರಿನಷ್ಟು ತೆಳುವಾದ ನಾರಿನ ಪದರ ಇದೆ. ತಂತಿ ಹಲ್ಲನ್ನು ಒಂದು ಕಡೆಗೆ ಒತ್ತಿದಾಗ ಆ ಕಡೆಯ ನಾರು ಅಮುಕಿಕೊಂಡು ಅಲ್ಲಿ ಮೂಳೆ ಕರಗಿಸುವ ಜೀವಕೋಶಗಳು ಏಳುತ್ತವೆ. ಹಿಂದೆ ನಾರು ಜಗ್ಗಿದ ಕಡೆ ಮೂಳೆ ಕಟ್ಟುವ ಕೋಶಗಳು ಕೆಲಸಕ್ಕಿಳಿಯುತ್ತವೆ. ಮುಂದೆ ಗೋಡೆ ಒಡೆಯುತ್ತ, ಹಿಂದೆ ಗೋಡೆ ಕಟ್ಟುತ್ತ ಹಲ್ಲು ನಡೆಯುತ್ತದೆ. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಡ್ 1904ರ ಸುಮಾರಿಗೆ ನಾಯಿಗಳ ಹಲ್ಲಿನ ಮೇಲೆ ಪ್ರಯೋಗ ಮಾಡಿ ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡ. ಜೋರಾಗಿ ಒತ್ತಿದರೆ ಬೇಗ ಸರಿಯುತ್ತದೆ ಎಂಬುದು ಮಾತ್ರ ಸುಳ್ಳು. ಒತ್ತಡ ಅತಿಯಾದರೆ ನಾರಿನ ರಕ್ತಸಂಚಾರ ನಿಂತು ಅಲ್ಲಿನ ಕೋಶಗಳು ಸಾಯುತ್ತವೆ, ಹಲ್ಲು ವಾರಗಟ್ಟಲೆ ಅಲ್ಲಾಡದೆ ನಿಲ್ಲುತ್ತದೆ. ಅದಕ್ಕೇ ‘ಡಾಕ್ಟ್ರೇ, ಇನ್ನೊಂಚೂರು ಟೈಟ್ ಮಾಡಿ, ಬೇಗ ಮುಗೀಲಿ’ ಎಂದರೆ ಡಾಕ್ಟರು ನಗುತ್ತಾರೆ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರು, ಮೂಳೆಯ ನಡಿಗೆ ಅಷ್ಟೇ.

ಹಲ್ಲಿಗೆ ತಂತಿ ಕಟ್ಟುವ ಯೋಚನೆ ಹಳೆಯದು. 1728ರಲ್ಲಿ ಫ್ರಾನ್ಸಿನ ಪಿಯೆರ್ ಫೋಶಾರ್ ತನ್ನ ಗ್ರಂಥದಲ್ಲಿ ಲೋಹದ ಕಮಾನುಪಟ್ಟಿಗೆ ಹಲ್ಲುಗಳನ್ನು ದಾರದಿಂದ ಬಿಗಿಯುವುದನ್ನು ವಿವರಿಸಿದ್ದ. ಇಂದು ಎಲ್ಲ ದಂತವೈದ್ಯರೂ ಬಳಸುವ ‘ಕ್ಲಾಸ್ ಒಂದು, ಎರಡು, ಮೂರು’ ಎಂಬ ಹಲ್ಲುದೋಷದ ವಿಂಗಡಣೆ ಅಮೆರಿಕದ ಎಡ್ವರ್ಡ್ ಆ್ಯಂಗಲ್ 1899ರಲ್ಲಿ ಮಾಡಿದ್ದು. ಬಹುಕಾಲ ಪ್ರತಿ ಹಲ್ಲಿಗೂ ಲೋಹದ ಬಳೆ ತೊಡಿಸಬೇಕಿತ್ತು. 1955ರಲ್ಲಿ ಮೈಕೆಲ್ ಬುವೊನೊಕೊರ್ ಆಮ್ಲದಿಂದ ಎನಾಮಲ್ಲನ್ನು ಚೂರು ಒರಟು ಮಾಡಿದರೆ ಅಂಟು ಹಿಡಿಯುತ್ತದೆಂದು ತೋರಿಸಿದ ಮೇಲೆ ತಂತಿ ಹಿಡಿಯುವ ಪುಟ್ಟ ಬ್ರಾಕೆಟ್ಟನ್ನು ನೇರ ಹಲ್ಲಿಗೇ ಅಂಟಿಸುವುದು ಸಾಧ್ಯವಾಯಿತು. ಇನ್ನು ನಿಟಿನಾಲ್ ಎಂಬ ತಂತಿಯಂತೂ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಹುಟ್ಟಿದ ನಿಕ್ಕೆಲ್-ಟೈಟೇನಿಯಂ ಮಿಶ್ರಲೋಹ. ಎಷ್ಟು ಬಗ್ಗಿಸಿದರೂ ತನ್ನ ಮೂಲ ಆಕಾರ ಮರೆಯದ ಅದರ ಹಟವನ್ನು 1970ರ ದಶಕದ ಮೊದಲಲ್ಲಿ ಜಾರ್ಜ್ ಆ್ಯಂಡ್ರಿಯಾಸೆನ್ ಹಲ್ಲಿಗೆ ತಂದ. ಮೆಲ್ಲಗೆ, ಬಿಡದೆ ಒತ್ತುವುದು ಆ ತಂತಿಯ ಗುಣ.

ಹಾಕಿಸಲೇಬೇಕೆ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಸರಿಯಾಗಿ ಕೇಳುವುದಿಲ್ಲ. ಬ್ರಿಟನ್ನಿನಲ್ಲಿ ಸರ್ಕಾರ ಮಕ್ಕಳ ಚಿಕಿತ್ಸೆಯ ವೆಚ್ಚ ಭರಿಸುವುದರಿಂದ ಅವರು ಕೇಳಲೇಬೇಕಾಯಿತು. 1989ರಲ್ಲಿ ರೂಪಿಸಿದ ಒಂದು ಸೂಚ್ಯಂಕದ ಪ್ರಕಾರ ಹಲ್ಲಿನ ದೋಷಕ್ಕೆ ಒಂದರಿಂದ ಐದರವರೆಗೆ ದರ್ಜೆ ಕೊಡುತ್ತಾರೆ. ನಾಲ್ಕು, ಐದಕ್ಕೆ ಉಚಿತ. ಮೂರರಲ್ಲಿ ನೋಟಕ್ಕೆ ತುಂಬ ಕೆಟ್ಟಿದ್ದರೆ ಮಾತ್ರ. ಒಂದು, ಎರಡಕ್ಕೆ ಸ್ವಂತ ಖರ್ಚು. ಮೇಲಿನ ಹಲ್ಲು ಕೆಳಗಿನದಕ್ಕಿಂತ 6 ಮಿಲಿಮೀಟರಿಗೂ ಹೆಚ್ಚು ಮುಂದಿದ್ದರೆ, ಕೋರೆಹಲ್ಲು ಹೊರಬರಲಾರದೆ ಮೂಳೆಯಲ್ಲೇ ಹೂತಿದ್ದರೆ ಅದು ಮೇಲಿನ ದರ್ಜೆ. ಇದರಲ್ಲಿ ನ್ಯಾಯವಿದೆ. ಉಬ್ಬುಹಲ್ಲಿನ ಮಗು ಬಿದ್ದಾಗ ಮುಂದಿನ ಹಲ್ಲು ಮುರಿಯುವ ಸಂಭವ ಹೆಚ್ಚು, ಹೂತ ಕೋರೆಹಲ್ಲು ಪಕ್ಕದ ಹಲ್ಲಿನ ಬೇರನ್ನೇ ಕರಗಿಸಬಲ್ಲದು. ಬಾಚಿಹಲ್ಲು ಕೊಂಚ ತಿರುಗಿದ್ದರಿಂದ ಆರೋಗ್ಯಕ್ಕೆ ಏನೂ ಆಗುವುದಿಲ್ಲ.

ನಮ್ಮಲ್ಲಿ ಇಂಥ ಜರಡಿ ಇಲ್ಲ. ಇಲ್ಲಿ ತೀರ್ಮಾನಿಸುವುದು ದುಡ್ಡು, ಇಲ್ಲವೇ ಮದುವೆ. ಹಲ್ಲು ನೇರವಾದರೆ ಆತ್ಮವಿಶ್ವಾಸ ಬರುತ್ತದೆ ಎಂಬುದು ಜಾಹೀರಾತಿನ ಮಾತು. ವೇಲ್ಸ್‌ನ ಕಾರ್ಡಿಫ್‌ನಲ್ಲಿ 1981ರಿಂದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಗುರುತಿಸಿ, ಸಿಕ್ಕವರನ್ನು ಇಪ್ಪತ್ತು ವರ್ಷಗಳ ನಂತರ ಮತ್ತೆ ನೋಡಿದಾಗ, ಬಾಲ್ಯದಲ್ಲಿ ಚಿಕಿತ್ಸೆ ಪಡೆದದ್ದರಿಂದ ದೊಡ್ಡವರಾದ ಮೇಲಿನ ಮನಸ್ಥಿತಿಗೆ ಹೇಳಿಕೊಳ್ಳುವಂಥ ಲಾಭ ಕಂಡಿರಲಿಲ್ಲ. ಹಾಗೆಂದು ಶಾಲೆಯಲ್ಲಿ ‘ಉಬ್ಬಲ್ಲಿ’ ಎನ್ನಿಸಿಕೊಂಡ ಹುಡುಗಿಯ ಮುಂದೆ ಈ ಸಮೀಕ್ಷೆಯನ್ನು ಹಿಡಿಯುವ ಧೈರ್ಯ ನನಗಿಲ್ಲ.

ವಯಸ್ಸಿನ ಬಗ್ಗೆ ಎರಡು ಮಾತು. ಏಳನೇ ವಯಸ್ಸಿಗೆ ಒಮ್ಮೆ ತೋರಿಸಿ ಎಂದು ಅಮೆರಿಕದ ತಜ್ಞರ ಸಂಘ ಹೇಳುತ್ತದೆ. ತೋರಿಸುವುದು ಬೇರೆ, ಶುರು ಮಾಡುವುದು ಬೇರೆ. ಉಬ್ಬುಹಲ್ಲಿಗೆ ಎಂಟು, ಒಂಬತ್ತಕ್ಕೇ ಶುರು ಮಾಡಿದರೆ ಹಲ್ಲು ಮುರಿಯುವ ಅಪಾಯ ತಗ್ಗುತ್ತದೆ, ಅದನ್ನು ಬಿಟ್ಟರೆ ಹದಿವಯಸ್ಸಿನಲ್ಲಿ ಒಂದೇ ಸಲ ಮಾಡಿಸಿದ್ದಕ್ಕಿಂತ ಹೆಚ್ಚಿನದೇನೂ ಸಿಗುವುದಿಲ್ಲ ಎಂದು ಈವರೆಗಿನ ಪ್ರಯೋಗಗಳು ಹೇಳುತ್ತವೆ. ಕೆಳದವಡೆಯೇ ಹಿಂದಿದ್ದರೆ ಬೆಳವಣಿಗೆಯ ಓಟದ ಕಾಲವನ್ನು ಹಿಡಿಯಬೇಕು. ಹುಡುಗಿಯರಿಗೆ ಅದು ಬೇಗ, ಹುಡುಗರಿಗೆ ಒಂದೆರಡು ವರ್ಷ ತಡ. ದೊಡ್ಡವರ ಹಲ್ಲೂ ಸರಿಯುತ್ತದೆ, ನಲವತ್ತಾದರೂ ಸರಿಯುತ್ತದೆ. ವಸಡು, ಮೂಳೆ ಗಟ್ಟಿಯಿರಬೇಕು. ದವಡೆ ಮಾತ್ರ ಬೆಳೆಯುವುದಿಲ್ಲ. ಅಲ್ಲಿ ದೋಷ ದೊಡ್ಡದಿದ್ದರೆ ಶಸ್ತ್ರಚಿಕಿತ್ಸೆಯೇ ದಾರಿ.

ಮನೆಯವರನ್ನು ಎಲ್ಲಕ್ಕಿಂತ ಹೆಚ್ಚು ಬೆಚ್ಚಿಬೀಳಿಸುವ ಮಾತು ‘ನಾಲ್ಕು ಹಲ್ಲು ತೆಗೀಬೇಕಾಗುತ್ತೆ’ ಎಂಬುದು. ನೇರ ಮಾಡಿ ಅಂತ ಬಂದರೆ ಕೀಳುತ್ತೇವೆ ಅನ್ನುತ್ತಾರಲ್ಲ! ಹುಳುಕಿಲ್ಲದ, ಮುತ್ತಿನಂಥ ಹಲ್ಲು. ನಮ್ಮ ಅತ್ತೆ ಎರಡು ದಿನ ಡಾಕ್ಟರನ್ನೂ ನನ್ನನ್ನೂ ಸೇರಿಸಿ ಬೈದರು. ಈ ಜಗಳ ವೃತ್ತಿಯ ಒಳಗೂ ನೂರು ವರ್ಷದಿಂದ ಇದೆ. ಮೂವತ್ತೆರಡು ಹಲ್ಲನ್ನೂ ಉಳಿಸಿಯೇ ಸಾಲು ಮಾಡಬೇಕು ಎಂಬುದು ಆ್ಯಂಗಲ್‌ನ ನಂಬಿಕೆ. ಅವನ ಶಿಷ್ಯ ಚಾರ್ಲ್ಸ್ ಟ್ವೀಡ್ ಗುರು ಹೇಳಿದಂತೆಯೇ ಮಾಡಿ, ವರ್ಷಗಳ ಮೇಲೆ ನೋಡಿದರೆ ಹಲ್ಲುಗಳು ಮತ್ತೆ ಸೊಟ್ಟಗಾಗಿದ್ದವು, ತುಟಿ ಮುಂದಕ್ಕೆ ಬಂದಿತ್ತು. ಆತ ಆ ರೋಗಿಗಳಿಗೆ ಮುಂದವಡೆ ಹಲ್ಲುಗಳನ್ನು ತೆಗೆದು ಪುನಃ ಚಿಕಿತ್ಸೆ ಕೊಟ್ಟ. 1940ರಲ್ಲಿ ಅಂಥ ನೂರು ಪ್ರಕರಣಗಳನ್ನು ಸಹೋದ್ಯೋಗಿಗಳ ಮುಂದಿಟ್ಟ. ಗುರುದ್ರೋಹವೆಂದರು. ಆಮೇಲೆ ಕೆಲವು ದಶಕ ಎಲ್ಲರ ಹಲ್ಲೂ ಕೀಳುವ ಕಾಲ ಬಂತು, ಈಗ ಮತ್ತೆ ಲೋಲಕ ಉಳಿಸುವ ಕಡೆಗೆ ವಾಲಿದೆ. ತೆಗೆಯುವುದು ಸಾಮಾನ್ಯವಾಗಿ ಕೋರೆಹಲ್ಲಿನ ಹಿಂದಿನ ಮೊದಲ ಮುಂದವಡೆ ಹಲ್ಲನ್ನು. ಒಂದೊಂದರಿಂದ ಸುಮಾರು ಏಳು ಮಿಲಿಮೀಟರ್ ಜಾಗ ಸಿಗುತ್ತದೆ. ಇಕ್ಕಟ್ಟು ಅಲ್ಪವಾದರೆ ಅಷ್ಟು ಜಾಗ ಬೇಡ. ಹಲ್ಲುಗಳ ನಡುವೆ ಸ್ವಲ್ಪ ತೇಯ್ದರೆ ಸಾಕು. ತೆಗೆಯುವುದು ತಪ್ಪಲ್ಲ, ಯಾಕೆ ಎಂದು ಎಕ್ಸ್‌ರೇ ಮತ್ತು ಅಚ್ಚು ಇಟ್ಟುಕೊಂಡು ವಿವರಿಸದಿರುವುದು ತಪ್ಪು. ವಿವರಿಸದವರ ಹತ್ತಿರ ಎದ್ದು ಬರಬಹುದು.

ಹಾಕುವ ದಿನ ನೋವಿಲ್ಲ ಎಂದರೆ ಮಕ್ಕಳು ನಂಬುವುದಿಲ್ಲ. ಡ್ರಿಲ್ ಇಲ್ಲ, ಸೂಜಿ ಇಲ್ಲ. ಕೆಲವು ದಿನ ಮುಂಚೆ ಹಿಂದಿನ ಹಲ್ಲುಗಳ ನಡುವೆ ಪುಟ್ಟ ರಬ್ಬರ್ ಉಂಗುರ ತುರುಕಿರುತ್ತಾರೆ. ಮಾವಿನ ನಾರು ಸಿಕ್ಕಿಕೊಂಡ ಹಾಗೆ ಅದೊಂದು ಕಿರಿಕಿರಿ. ಆ ದಿನ ಹಲ್ಲಿಗೆ ನೀಲಿ ಜೆಲ್ ಹಚ್ಚಿ ತೊಳೆದು ಒಣಗಿಸಿ, ಅಂಟು ಹಾಕಿ, ಬ್ರಾಕೆಟ್ ಕೂರಿಸಿ ನೀಲಿ ಬೆಳಕು ಹಾಯಿಸುತ್ತಾರೆ. ಒಂದು, ಒಂದೂವರೆ ಗಂಟೆ ಬಾಯಿ ತೆರೆದಿರಬೇಕು, ಕಷ್ಟ ಅದೊಂದೇ. ನೋವು ಸಂಜೆಗೆ ಶುರುವಾಗುತ್ತದೆ. ಮರುದಿನ ಜೋರು, ಹಲ್ಲಿಗೆ ಹಲ್ಲು ತಾಗಿಸಲಾಗುವುದಿಲ್ಲ, ವಾರದೊಳಗೆ ಇಳಿಯುತ್ತದೆ. ಅಷ್ಟರಲ್ಲಿ ಕೆನ್ನೆಯ ಒಳಗೆ ಹುಣ್ಣು. ಮೇಣದ ಚೂರು ಅಂಟಿಸಿಕೊಂಡು, ಉಪ್ಪುನೀರು ಮುಕ್ಕಳಿಸಿಕೊಂಡು ದಿನ ಕಳೆಯಬೇಕು. ಎರಡು ಮೂರು ವಾರಕ್ಕೆ ಕೆನ್ನೆಯೇ ಒಗ್ಗಿಕೊಳ್ಳುತ್ತದೆ. ನಾಲ್ಕರಿಂದ ಎಂಟು ವಾರಕ್ಕೊಮ್ಮೆ ತಂತಿ ಬದಲಿಸಿದಾಗ ಒಂದೆರಡು ದಿನ ಮತ್ತೆ ಜುಂ ಎನ್ನುತ್ತದೆ.

ಊಟದ ಪಟ್ಟಿ ಕೇಳಿ ಮಗಳು ಅತ್ತಳು. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಕಡಲೆ ಚಿಕ್ಕಿ, ಕಬ್ಬು, ಸುಟ್ಟ ಜೋಳದ ತೆನೆ, ಕಚ್ಚಿ ತಿನ್ನುವ ಸೀಬೆಹಣ್ಣು, ಯಾವುದೂ ಇಲ್ಲ. ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆ ಇಲ್ಲ ಎಂಬ ಗಾದೆ ಕಟ್ಟಿದವರು ಎರಡೂ ಇದ್ದು ತಿನ್ನುವಂತಿಲ್ಲದ ಈ ಸ್ಥಿತಿಯನ್ನು ಕಂಡಿರಲಿಲ್ಲ. ಉತ್ತರ ಕರ್ನಾಟಕದ ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಲೇಬೇಕು. ಅಗಿಯದೆ ನುಂಗುವ ರಾಗಿಮುದ್ದೆಯ ಸೀಮೆಯವರೇ ಪುಣ್ಯವಂತರು. ಇನ್ನೊಂದು ಎಚ್ಚರಿಕೆ ಪರದೇಶದ ಪುಸ್ತಕಗಳಲ್ಲಿ ಅಷ್ಟಾಗಿ ಇರುವುದಿಲ್ಲ: ಬ್ರಾಕೆಟ್ಟಿಗೆ ಹಾಕುವ ಬಿಳಿ ರಬ್ಬರ್ ಉಂಗುರಗಳು ಅರಿಶಿನಕ್ಕೆ ಎರಡೇ ದಿನದಲ್ಲಿ ಹಳದಿಯಾಗುತ್ತವೆ. ಹುಳಿ, ಪಲ್ಯ ಉಣ್ಣುವ ಮನೆಯವರು ಬೂದು ಬಣ್ಣದ್ದನ್ನೋ ನೀಲಿಯದನ್ನೋ ಕೇಳಿ ಹಾಕಿಸಿಕೊಳ್ಳುವುದು ಒಳ್ಳೆಯದು.

ನಗೆಯಾಡುವ ವಿಷಯವಲ್ಲದ್ದು ಶುಚಿ. ಬ್ರಾಕೆಟ್ಟಿನ ಸುತ್ತ ಕೊಳೆ ಮೆತ್ತಿದರೆ ಎನಾಮಲ್ಲಿನ ಸುಣ್ಣದ ಅಂಶ ಕರಗಿ ಬಿಳಿ ಮಚ್ಚೆ ಉಳಿಯುತ್ತದೆ. ಬ್ರಾಕೆಟ್ ತೆಗೆದ ದಿನ ಅದರ ಚೌಕ ಹಲ್ಲಿನ ಮೇಲೆ ಮುದ್ರೆ ಒತ್ತಿದಂತೆ ಕಾಣುತ್ತದೆ, ಪೂರ್ತಿ ಮಾಸುವುದು ಅಪರೂಪ. ಬೇರಿನ ತುದಿ ಒಂದಿಷ್ಟು ಮೊಟಕಾಗುವುದೂ ಉಂಟು. ಬಹುತೇಕರಲ್ಲಿ ಅದು ಎಕ್ಸ್‌ರೇಗೆ ಮಾತ್ರ ಗೊತ್ತಾಗುವಷ್ಟು, ಕೆಲವೇ ಜನರಲ್ಲಿ ಚಿಕಿತ್ಸೆ ನಿಲ್ಲಿಸುವಷ್ಟು. ಮೊದಲೇ ಹೇಳಿಸಿಕೊಳ್ಳಬೇಕಾದ ಅಪಾಯಗಳು ಇವೆರಡು.

ಲೋಹದ ಬದಲು ಹಲ್ಲಿನ ಬಣ್ಣದ ಸೆರಾಮಿಕ್ ಹಾಕಿಸಬಹುದು, ದುಬಾರಿ, ಒಡೆಯುತ್ತದೆ. ಈಗ ಎಲ್ಲರೂ ಕೇಳುವುದು ಪಾರದರ್ಶಕ ಅಲೈನರ್. 1997ರಲ್ಲಿ ಶುರುವಾದ ಅಲೈನ್ ಟೆಕ್ನಾಲಜಿಯ ಇನ್ವಿಸಲೈನ್ ಇದರ ಹಿರಿಯಣ್ಣ. ಕಂಪ್ಯೂಟರಿನಲ್ಲಿ ಹಲ್ಲನ್ನು ಹಂತ ಹಂತವಾಗಿ ಸರಿಸಿ, ಹಂತಕ್ಕೊಂದು ತಟ್ಟೆ ಮಾಡಿ ಕೊಡುತ್ತಾರೆ. ಒಂದೊಂದು ತಟ್ಟೆ ಹಲ್ಲನ್ನು ಸುಮಾರು ಕಾಲು ಮಿಲಿಮೀಟರ್ ಸರಿಸುತ್ತದೆ. ಊಟಕ್ಕೆ ತೆಗೆಯಬಹುದು. ಅದರ ಗುಣವೂ ಅದೇ, ದೋಷವೂ ಅದೇ. ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು. ಗಳಿಗೆಗೊಮ್ಮೆ ಕಾಫಿ ಕುಡಿಯುವ ನನ್ನಂಥವರಿಗೆ ಅದು ಹೇಳಿಸಿದ್ದಲ್ಲ. ಸಣ್ಣಪುಟ್ಟ ಸೊಟ್ಟಕ್ಕೆ ಚೆನ್ನಾಗಿ ಆಗುತ್ತದೆ, ಹಲ್ಲು ಕಿತ್ತ ದೊಡ್ಡ ಜಾಗ ಮುಚ್ಚುವಂಥ ಕೆಲಸಕ್ಕೆ ತಂತಿಯೇ ನಂಬಿಕಸ್ಥ. ಡಾಕ್ಟರನ್ನೇ ಕಾಣದೆ ಅಂಚೆಯಲ್ಲಿ ಅಲೈನರ್ ತರಿಸಿಕೊಳ್ಳುವ ವ್ಯಾಪಾರ ಮಾಡುತ್ತಿದ್ದ ಅಮೆರಿಕದ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರಿನಲ್ಲಿ ಏಕಾಏಕಿ ಬಾಗಿಲು ಹಾಕಿತು, ಅರ್ಧ ಸರಿದ ಹಲ್ಲುಗಳ ಗಿರಾಕಿಗಳು ಬೀದಿಗೆ ಬಿದ್ದರು. ‘ಆರೇ ತಿಂಗಳಲ್ಲಿ’ ಎನ್ನುವ ವಿಶೇಷ ಬ್ರಾಕೆಟ್, ಕಂಪಿಸುವ ಯಂತ್ರಗಳ ಬಗ್ಗೆಯೂ ಅಷ್ಟೇ: ಪರೀಕ್ಷಿಸಿದಾಗ ಅವುಗಳಿಂದ ಹೇಳುವಷ್ಟು ವೇಗ ಕಂಡಿಲ್ಲ. ಸರಾಸರಿ ಒಂದೂವರೆಯಿಂದ ಎರಡು ವರ್ಷ ಹಿಡಿಯುತ್ತದೆ. ಮಗಳಿಗೆ 26 ತಿಂಗಳಾಯಿತು. ಅದರಲ್ಲಿ ಎರಡು ತಿಂಗಳಾದರೂ ಮೇಲಿನಿಂದ ಕೆಳಕ್ಕೆ ಕಟ್ಟುವ ರಬ್ಬರ್ ಬ್ಯಾಂಡನ್ನು ಪೆನ್ಸಿಲ್ ಡಬ್ಬಿಯಲ್ಲಿ ಬಚ್ಚಿಟ್ಟ ಫಲ.

ಕರ್ನಾಟಕದಲ್ಲಿ ಇದಕ್ಕೆ ಸ್ಥಳೀಯವಾದ ತೊಡಕೊಂದಿದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಮುಂಡರಗಿ, ಕೊಪ್ಪಳ, ರಾಯಚೂರಿನ ಕಡೆ ಕೊಳವೆಬಾವಿಯ ಫ್ಲೋರೈಡಿನಿಂದ ಕಂದು ಕಲೆಯಾದ ಹಲ್ಲುಗಳು ಸಾಮಾನ್ಯ. ಆ ಎನಾಮಲ್ ಆಮ್ಲಕ್ಕೆ ಸುಲಭವಾಗಿ ಮಣಿಯುವುದಿಲ್ಲ, ಹಾಗಾಗಿ ಬ್ರಾಕೆಟ್ಟು ಮತ್ತೆ ಮತ್ತೆ ಕಿತ್ತು ಬರುತ್ತದೆ. ಒಂದು ಬ್ರಾಕೆಟ್ ಕಿತ್ತರೆ ಬೆಂಗಳೂರಿನ ಹುಡುಗಿಗೆ ಒಂದು ಆಟೊ ದಾರಿ, ಪಾವಗಡದ ಹುಡುಗಿಗೆ ಒಂದು ದಿನದ ಶಾಲೆ ಮತ್ತು ಅಪ್ಪನ ಒಂದು ದಿನದ ಕೂಲಿ. ತಜ್ಞರು ಹೆಚ್ಚಾಗಿ ಸಣ್ಣ ಊರುಗಳಲ್ಲಿಲ್ಲ, ನಗರಗಳಲ್ಲಿದ್ದಾರೆ.

ರಾಜ್ಯದಲ್ಲಿ ದಂತ ಕಾಲೇಜುಗಳಿಗೇನೂ ಬರವಿಲ್ಲ. ಬೆಂಗಳೂರಿನ ಸರ್ಕಾರಿ ಕಾಲೇಜು 1958ರದು, ಮಣಿಪಾಲದ್ದು 1965ರದು. ಖಾಸಗಿ ಕ್ಲಿನಿಕ್ಕಿನಲ್ಲಿ ಹತ್ತಾರು ಸಾವಿರ, ಅಲೈನರಿಗೆ ಲಕ್ಷದಾಚೆ ಆಗುವ ಕೆಲಸ ಕಾಲೇಜುಗಳಲ್ಲಿ ಬಹಳ ಕಡಿಮೆಗೆ ಆಗುತ್ತದೆ. ವಿಮೆ ಸಾಮಾನ್ಯವಾಗಿ ಕೈಹಿಡಿಯುವುದಿಲ್ಲ. ಕಾಲೇಜಿನಲ್ಲಿ ಚಿಕಿತ್ಸೆ ಕೊಡುವವರು ಸ್ನಾತಕೋತ್ತರ ವಿದ್ಯಾರ್ಥಿಗಳು. ಅವರದು ಮೂರು ವರ್ಷದ ಕೋರ್ಸು. ಕೋರ್ಸು ಮುಗಿದರೆ ಅರ್ಧ ಆದ ಬಾಯಿ ಜೂನಿಯರಿಗೆ ವರ್ಗವಾಗುತ್ತದೆ. ಆದ್ದರಿಂದ ಮೊದಲ ವರ್ಷದ ವಿದ್ಯಾರ್ಥಿಯ ಕೈಗೆ ಸಿಕ್ಕಿದರೆ ಅದೃಷ್ಟ. ಹೊರಗಡೆಯಾದರೆ ಕೇಳಬೇಕಾದ್ದು ಒಂದೇ: ಬಿಡಿಎಸ್ ಆದಮೇಲೆ ಇದೇ ವಿಷಯದಲ್ಲಿ ಎಂಡಿಎಸ್ ಮಾಡಿದ್ದೀರಾ?

ಇನ್ನು, ತೆಗೆದ ಮೇಲಿನ ಮಾತು. ವಸಡಿನ ನಾರುಗಳು ಜಗ್ಗಿದ ರಬ್ಬರಿನಂತೆ ಹಲ್ಲನ್ನು ಹಳೆಯ ಜಾಗಕ್ಕೆ ಎಳೆಯುತ್ತಲೇ ಇರುತ್ತವೆ, ಅವು ಹೊಸ ಜಾಗಕ್ಕೆ ಒಗ್ಗಲು ವರ್ಷ ಬೇಕು. ಅದಾದ ಮೇಲೂ ಹಲ್ಲು ಸುಮ್ಮನಿರುವುದಿಲ್ಲ. ಕ್ಲಿಪ್ ಹಾಕದವರ ಹಲ್ಲೂ ವಯಸ್ಸಾದಂತೆ ಸರಿಯುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ ರಾಬರ್ಟ್ ಲಿಟಲ್ ಮತ್ತು ಸಂಗಡಿಗರು ಮುಂದವಡೆ ಹಲ್ಲು ತೆಗೆಸಿ ಚಿಕಿತ್ಸೆ ಪಡೆದವರನ್ನು, ಹಲ್ಲನ್ನು ಹೊಸ ಜಾಗದಲ್ಲಿ ಹಿಡಿದಿಡುವ ರಿಟೈನರ್ ಬಿಟ್ಟು ಹತ್ತು ವರ್ಷವಾದ ಮೇಲೆ ಪರೀಕ್ಷಿಸಿದರು. ಕೆಳಗಿನ ಮುಂಭಾಗದ ಹಲ್ಲುಗಳ ಸಾಲು ತೃಪ್ತಿಕರವಾಗಿ ಉಳಿದದ್ದು ಶೇಕಡಾ 30ಕ್ಕೂ ಕಡಿಮೆ ಜನರಲ್ಲಿ. 1981ರಲ್ಲಿ ಪ್ರಕಟವಾದ ಈ ಲೆಕ್ಕ ವೃತ್ತಿಯನ್ನೇ ಅಲ್ಲಾಡಿಸಿತು. ‘ಎರಡು ವರ್ಷ ರಿಟೈನರ್ ಹಾಕ್ಕೊಳ್ಳಿ’ ಎನ್ನುತ್ತಿದ್ದವರು ಈಗ ‘ಹಲ್ಲು ನೇರ ಇರಬೇಕು ಅನ್ನೋವಷ್ಟು ದಿನ ರಾತ್ರಿ ಹಾಕ್ಕೊಳ್ಳಿ’ ಎನ್ನುತ್ತಾರೆ. ಅಂದರೆ ಆಯುಷ್ಯಪೂರ್ತಿ. ಈ ವಾಕ್ಯವನ್ನು ಮೊದಲ ದಿನವೇ, ದುಡ್ಡು ಕಟ್ಟುವ ಮೊದಲೇ ಹೇಳಬೇಕು. ನಮಗೆ ಹೇಳಿದ್ದು ತೆಗೆದ ದಿನ.

ಮಗಳಿಗೆ ಮೇಲೆ ತೆಗೆದು ಹಾಕುವ ಪಾರದರ್ಶಕ ತಟ್ಟೆ, ಕೆಳಗೆ ಹಲ್ಲಿನ ಹಿಂದೆ ಅಂಟಿಸಿದ ಸಣ್ಣ ತಂತಿ. ಮೇಲಿನದು ಒಂದು ಮದುವೆಯ ಊಟದಲ್ಲಿ ಹೋಯಿತು. ಟಿಶ್ಯೂವಿನಲ್ಲಿ ಸುತ್ತಿ ಎಲೆಯ ಪಕ್ಕ ಇಟ್ಟಿದ್ದಳು. ‘ಅಮ್ಮ, ಎಲೆ ಎತ್ತಿಬಿಟ್ರು’ ಎಂದು ಬಂದು ನಿಂತಾಗ ಛತ್ರದ ಹಿತ್ತಲಲ್ಲಿ ಮೂರು ಪಂಕ್ತಿಯ ಎಲೆ ರಾಶಿ ಬಿದ್ದಿತ್ತು. ಹಸುಗಳು ಆಗಲೇ ಬಂದಿದ್ದವು. ಹೊಸದು ಮಾಡಿಸಿದೆವು. ಕೆಳಗಿನ ತಂತಿಯ ಒಂದು ತುದಿ ಯಾವಾಗ ಬಿಟ್ಟಿತೋ ಯಾರಿಗೂ ತಿಳಿಯಲಿಲ್ಲ, ಹಾಸ್ಟೆಲಿನಿಂದ ರಜಕ್ಕೆ ಬಂದಾಗ ಒಂದು ಬಾಚಿಹಲ್ಲು ತುಸು ತಿರುಗಿತ್ತು. ಇನ್ನೊಮ್ಮೆ ಆರು ತಿಂಗಳು ಕ್ಲಿಪ್ ಹಾಕಿಸೋಣವೇ ಎಂದು ಕೇಳಿದೆ. ಕನ್ನಡಿಯಲ್ಲಿ ಬಾಯಿ ಅಗಲಿಸಿ ನೋಡಿಕೊಂಡು, ‘ಬೇಡ, ಚೆನ್ನಾಗೇ ಇದೆ’ ಅಂದಳು. ಡಾಕ್ಟರು ಹಳೆಯ ತಂತಿ ಕಿತ್ತು ಹೊಸದನ್ನು ಅಂಟಿಸಿದರು. ಆ ಪುಟ್ಟ ಸೊಟ್ಟನ್ನು ಈಗ ಅದು ಅದೇ ಜಾಗದಲ್ಲಿ ಭದ್ರವಾಗಿ ಹಿಡಿದುಕೊಂಡಿದೆ.